‘ಇವತ್ತು ಬೇಡ’ ಎನ್ನಲು ಕಲಿಸುವ ಮೇಷ್ಟ್ರು

ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆ. ಉತ್ತರ ಬೆಂಗಳೂರಿನ ಒಂದು ಗಿಜಿಗುಡುವ ರಸ್ತೆ. ಕೆಳಗೆ ಬೇಕರಿ, ಮೇಲೆ ಎರಡನೇ ಮಹಡಿಯಲ್ಲಿ ಬಾಡಿಗೆಯ ಕೋಣೆ. ಆಗಷ್ಟೇ ಪಿಯುಸಿ ದಾಟಿದ ಹತ್ತು ಹನ್ನೆರಡು ಹುಡುಗ ಹುಡುಗಿಯರು ನೋಟ್‌ಬುಕ್ಕಿನಲ್ಲೇ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಾರೆ. ಬೋರ್ಡಿನ ಮುಂದೆ ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಷೂ, ನೆರೆತ ಕೂದಲಿನ ಒಬ್ಬರು. ಪಾಠದ ನಡುವೆ ಅವರು ಮಾರ್ಕರ್ ಕೆಳಗಿಟ್ಟು ಕಿಟಕಿಯ ಬಳಿ ಹೋಗುತ್ತಾರೆ. ನಂದಿಬೆಟ್ಟದ ದಿಕ್ಕಿನಲ್ಲಿ ಹೂಕೋಸಿನಂಥ ಒಂದು ಬಿಳಿ ಮೋಡ ಎದ್ದಿದೆ. ‘ಐದು ಗಂಟೆಗೆ ಇದು ಏನಾಗಿರುತ್ತೆ?’

‘ಮಳೆ ಬರುತ್ತೆ ಸರ್’ ಎನ್ನುತ್ತದೆ ಒಂದು ದನಿ.

ಮಳೆ ಬರುವುದು ಒಣಹಾಕಿದ ಬಟ್ಟೆ ತೆಗೆಯುವ ಎಲ್ಲರಿಗೂ ಗೊತ್ತು. ಪೈಲಟ್ ಆಗುವವರಿಗೆ ಬೇಕಾದ್ದು ಅದಕ್ಕಿಂತ ಮೊದಲಿನ ಸಂಗತಿ. ಆ ಮೋಡದ ಬುಡದಿಂದ ತಣ್ಣನೆ ಗಾಳಿ ಯಾವಾಗ ಕೆಳಗೆ ಬೀಳುತ್ತದೆ, ರನ್‌ವೇ ಮೇಲೆ ಅದು ಯಾವ ಕಡೆಗೆ ಹರಡುತ್ತದೆ, ಆ ಹೊತ್ತಿನಲ್ಲಿ ಇಳಿಯುತ್ತಿರುವ ವಿಮಾನಕ್ಕೆ ಏನಾಗುತ್ತದೆ? ಮುಂದಿನ ಒಂದು ಗಂಟೆಯ ಪಾಠ ಪುಸ್ತಕ ಬಿಟ್ಟು ಆ ಮೋಡದ ಸುತ್ತಲೇ ಸುತ್ತುತ್ತದೆ.

ಇಂಥ ಕೋಣೆಗಳು ಬೆಂಗಳೂರಿನಲ್ಲಿವೆ, ದೆಹಲಿಯ ದ್ವಾರಕಾದಲ್ಲಿವೆ, ಮುಂಬೈಯಲ್ಲಿವೆ. ಅವುಗಳಲ್ಲಿ ಪಾಠ ಹೇಳುವವರ ಹೆಸರಿನ ಮುಂದೆ ಬಹಳ ಸಲ ವಿಂಗ್ ಕಮಾಂಡರ್, ಸ್ಕ್ವಾಡ್ರನ್ ಲೀಡರ್, ವಾರಂಟ್ ಆಫೀಸರ್ ಎಂಬ ಪದವಿ ಇರುತ್ತದೆ. ಹಿಂದೆ ‘ನಿವೃತ್ತ’ ಎಂಬ ಮಾತು. ವಾಯುಪಡೆಯಲ್ಲಿ ಹಾರಿದವರು, ಹಾರುವವರಿಗೆ ಹವಾಮಾನ ಹೇಳಿದವರು ಸಮವಸ್ತ್ರ ಕಳಚಿಟ್ಟ ಮೇಲೆ ಮೇಷ್ಟ್ರಾಗಿದ್ದಾರೆ. ನಾವು ನೀವು ಟಿಕೆಟ್ ಕೊಂಡು ಹತ್ತುವ ವಿಮಾನದ ಸುರಕ್ಷತೆಯ ಒಂದು ಪಾಲು ಈ ಬಾಡಿಗೆ ಕೋಣೆಗಳಲ್ಲಿ ತಯಾರಾಗುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ.

ಮೆಟ್, ನೇವ್, ರೆಗ್ಸ್

ಪೈಲಟ್ ತರಬೇತಿ ಎಂದರೆ ಕಾಕ್‌ಪಿಟ್‌ನಲ್ಲಿ ಕೂರುವುದು ಎಂದೇ ಹೆಚ್ಚಿನವರ ಎಣಿಕೆ. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸ್ ಬೇಕೆಂದರೆ 200 ಗಂಟೆ ಹಾರಿರಬೇಕು, ನಿಜ. ಅದರ ಜತೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಪರೀಕ್ಷೆಗಳನ್ನೂ ಪಾಸು ಮಾಡಬೇಕು. ದಾರಿ ಹುಡುಕುವ ನೇವಿಗೇಷನ್, ವಿಮಾನಯಾನ ಹವಾಮಾನ, ನಿಯಮಾವಳಿ, ತಾಂತ್ರಿಕ ವಿಷಯ ಹೀಗೆ. ಪ್ರತಿಯೊಂದರಲ್ಲೂ ನೂರಕ್ಕೆ 70 ಅಂಕ ಬಂದರೆ ಮಾತ್ರ ಪಾಸು. ಹುಡುಗರ ಬಾಯಲ್ಲಿ ಇವೆಲ್ಲ ‘ಮೆಟ್’, ‘ನೇವ್’, ‘ರೆಗ್ಸ್’. ಈ ಪಾಠಗಳಿಗೆ ಒಟ್ಟಾಗಿ ‘ಗ್ರೌಂಡ್ ಕ್ಲಾಸ್’ ಎಂದು ಹೆಸರು. ನೆಲದ ಮೇಲೇ ಕಲಿಯುವ ವಿದ್ಯೆ ಅದು.

ಭಾರತದ ವಿದ್ಯಾರ್ಥಿ ಪೈಲಟ್‌ಗಳ ಮೇಜಿನ ಮೇಲೆ ಸಾಮಾನ್ಯವಾಗಿ ಕಾಣುವ ಪುಸ್ತಕಗಳಲ್ಲಿ ವಿಂಗ್ ಕಮಾಂಡರ್ ಆರ್.ಕೆ. ಬಾಲಿ ಅವರ ನಿಯಮಾವಳಿಯ ಪುಸ್ತಕ ಒಂದು, ಐ.ಸಿ. ಜೋಶಿ ಅವರ ವಿಮಾನಯಾನ ಹವಾಮಾನದ ಪುಸ್ತಕ ಇನ್ನೊಂದು. ‘ಬಾಲಿ ಮುಗೀತಾ?’, ‘ಜೋಶಿ ಎಷ್ಟು ಅಧ್ಯಾಯ ಆಯ್ತು?’ ಎಂದೇ ಹುಡುಗರು ಮಾತಾಡಿಕೊಳ್ಳುತ್ತಾರೆ.

ಎಲ್ಲ ವಿಷಯಗಳಲ್ಲಿ ಮೆಟ್ ಬೇರೆ ಜಾತಿಯದು. ನಿಯಮವನ್ನು ಬಾಯಿಪಾಠ ಮಾಡಬಹುದು, ನೇವಿಗೇಷನ್ನಿನ ಲೆಕ್ಕವನ್ನು ಮಾಡಿ ಮಾಡಿ ಕೈಗೂಡಿಸಿಕೊಳ್ಳಬಹುದು. ಮೋಡ ಮಾತ್ರ ಪುಸ್ತಕದಲ್ಲಿದ್ದಂತೆ ಆಕಾಶದಲ್ಲಿ ಇರುವುದಿಲ್ಲ. ಅದನ್ನು ಕಂಡವರು ಪಕ್ಕದಲ್ಲಿ ನಿಂತು ತೋರಿಸಬೇಕು. ಈ ವಿಷಯಕ್ಕೆ ಹಳೆಯ ವಾಯುಪಡೆಯವರು ಬೇಕಾಗುವುದು ಅದಕ್ಕೇ.

ಬೆಳಗಿನ ಬ್ರೀಫಿಂಗ್ ಎಂಬ ಶಾಲೆ

ವಾಯುಪಡೆಯ ಯಾವ ನೆಲೆಯಲ್ಲೂ ಹಾರಾಟದ ದಿನ ಆರಂಭವಾಗುವುದು ಹವಾಮಾನದ ವರದಿಯಿಂದ. ಹವಾಮಾನ ಶಾಖೆಯ ಅಧಿಕಾರಿ ಎದ್ದು ನಿಂತು ಮೋಡದ ಎತ್ತರ, ಗಾಳಿ, ದೃಷ್ಟಿಗೋಚರತೆ, ಮಧ್ಯಾಹ್ನದ ನಿರೀಕ್ಷೆ ಎಲ್ಲ ಹೇಳುತ್ತಾರೆ. ಎದುರಿಗೆ ಕೂತವರು ಅರ್ಧ ಗಂಟೆಯಲ್ಲಿ ಆ ಗಾಳಿಯೊಳಗೇ ಹೋಗುವವರು. ಮುನ್ಸೂಚನೆ ತಪ್ಪಿದರೆ ಸಂಜೆ ಅವರೇ ಬಂದು ಕೇಳುತ್ತಾರೆ. ಮುಖಾಮುಖಿ ಉತ್ತರ ಕೊಡಬೇಕಾದ ಈ ವಿಜ್ಞಾನ ಇಪ್ಪತ್ತು ಮೂವತ್ತು ವರ್ಷದಲ್ಲಿ ಮನುಷ್ಯನನ್ನು ಪಳಗಿಸುತ್ತದೆ.

ಅಧಿಕಾರಿಗಳ ಹಿಂದೆ ಇನ್ನೊಂದು ಪಡೆಯೇ ಇದೆ. ಅವರು ‘ಮೆಟ್ ಅಸಿಸ್ಟೆಂಟ್’ಗಳು. ನಡುರಾತ್ರಿಯಲ್ಲೂ ಎದ್ದು ತಾಪಮಾನ, ಒತ್ತಡ, ಮೋಡ ನೋಡಿ ದಾಖಲಿಸಿದವರು. 2022ಕ್ಕೆ ಮೊದಲು ವಾಯುಪಡೆಗೆ ಸೇರಿದ ಏರ್‌ಮನ್‌ಗಳ ಮೊದಲ ಅವಧಿ 20 ವರ್ಷ. ಹದಿನೆಂಟಕ್ಕೆ ಸೇರಿದವರು ನಲವತ್ತರ ಒಳಗೇ ಹೊರಬರಬಹುದು. ಶಾರ್ಟ್ ಸರ್ವಿಸ್ ಅಧಿಕಾರಿಗಳು ಇನ್ನೂ ಬೇಗ ಬರುತ್ತಾರೆ. ಮಕ್ಕಳು ಇನ್ನೂ ಓದುತ್ತಿರುವ ವಯಸ್ಸು ಅದು. ಇನ್ನೊಂದು ಕೆಲಸ ಹುಡುಕಲೇಬೇಕು. ಹಲವರು ಬ್ಯಾಂಕಿಗೆ, ಭದ್ರತಾ ಕೆಲಸಕ್ಕೆ, ಸರ್ಕಾರಿ ಕಚೇರಿಗೆ ಹೋಗುತ್ತಾರೆ. ಕೈಯಲ್ಲಿದ್ದ ವಿದ್ಯೆಯನ್ನು ಬಿಡಲಾರದ ಕೆಲವರು ಪಾಠಕ್ಕೆ ಬರುತ್ತಾರೆ.

ಹಾರಿದವರ ದಾರಿ ಬೇರೆ. ವಾಯುಪಡೆಯಲ್ಲಿ ಹಾರಾಟ ಕಲಿಸುವವರನ್ನೇ ತಯಾರು ಮಾಡುವ ಶಾಲೆಯೊಂದಿದೆ. ಚೆನ್ನೈ ಬಳಿಯ ತಾಂಬರಂನ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ಸ್ ಸ್ಕೂಲ್. ಅಲ್ಲಿಂದ ಬಂದವರು ‘ಕ್ಯೂಎಫ್‌ಐ’. ಕಲಿಸುವುದನ್ನೇ ಶಾಸ್ತ್ರವಾಗಿ ಕಲಿತವರು. ಆದರೂ ನಾಗರಿಕ ಲೈಸೆನ್ಸ್ ಬೇಕೆಂದರೆ ಇವರೂ ಡಿಜಿಸಿಎ ಪರೀಕ್ಷೆಗೆ ಕೂರಬೇಕು. ಸಾವಿರಾರು ಗಂಟೆ ಹಾರಿದ ನಲವತ್ತೈದರ ವ್ಯಕ್ತಿ ಹದಿನೆಂಟರ ಹುಡುಗನ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಮೆಟ್ ಪರೀಕ್ಷೆ ಬರೆಯುತ್ತಾನೆ. ಹೀಗೆ ಮತ್ತೆ ವಿದ್ಯಾರ್ಥಿಯಾಗಿ ಕೂತು ಬಂದವರೇ ಒಳ್ಳೆಯ ಮೇಷ್ಟ್ರಾಗುತ್ತಾರೆ ಎಂದು ನನಗೆ ಅನಿಸುತ್ತದೆ. ಗೊತ್ತಿರುವುದಕ್ಕೂ ಬರೆದು ತೋರಿಸುವುದಕ್ಕೂ ನಡುವೆ ಇರುವ ಅಂತರ ಅವರಿಗೆ ತಿಳಿದಿರುತ್ತದೆ.

ಬೆಂಗಳೂರಿನಲ್ಲಿ ಇಂಥವರು ಹೆಚ್ಚು ಸಿಗಲು ಕಾರಣವಿದೆ. ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ ಇರುವುದೇ ಈ ನಗರದಲ್ಲಿ. ಯಲಹಂಕ, ಜಾಲಹಳ್ಳಿ ಇಲ್ಲೇ ಇವೆ. ಬೀದರ್‌ನಲ್ಲಿ ಯುದ್ಧವಿಮಾನದ ಪೈಲಟ್‌ಗಳ ತರಬೇತಿ, ಬೆಳಗಾವಿಯ ಸಾಂಬ್ರಾದಲ್ಲಿ ಏರ್‌ಮನ್‌ಗಳ ತರಬೇತಿ. ಜಕ್ಕೂರಿನಲ್ಲಿ 1940ರ ದಶಕದ ಕೊನೆಯಿಂದಲೂ ಸರ್ಕಾರಿ ವಿಮಾನ ಹಾರಾಟ ಶಾಲೆಯಿದೆ. ಸೇವೆಯ ಕೊನೆಯ ವರ್ಷಗಳಲ್ಲಿ ಇಲ್ಲಿಗೆ ಬಂದವರು ಇಲ್ಲೇ ಮನೆ ಕಟ್ಟಿಕೊಂಡು ಉಳಿದಿದ್ದಾರೆ.

ನಾವಿಕನೊಬ್ಬ ಹಾಕಿಕೊಟ್ಟ ದಾರಿ

ಸೈನಿಕ ಬದುಕು ಮುಗಿಸಿ ಹವಾಮಾನ ಕಲಿಸಹೊರಡುವ ಪರಿಪಾಠಕ್ಕೆ ನೂರೈವತ್ತು ವರ್ಷ ದಾಟಿದೆ. ಬ್ರಿಟನ್ನಿನ ನೌಕಾಪಡೆಯ ಅಧಿಕಾರಿ ರಾಬರ್ಟ್ ಫಿಟ್ಜ್‌ರಾಯ್ ಎಂದರೆ ನಮಗೆ ನೆನಪಾಗುವುದು ಚಾರ್ಲ್ಸ್ ಡಾರ್ವಿನ್ನನನ್ನು ಜಗತ್ತು ಸುತ್ತಿಸಿದ ‘ಬೀಗಲ್’ ಹಡಗಿನ ಕಪ್ತಾನ. ಕಡಲ ಸೇವೆ ಮುಗಿದ ಮೇಲೆ, 1854ರಲ್ಲಿ, ಅವರಿಗೆ ಹೊಸದೊಂದು ಪುಟ್ಟ ಇಲಾಖೆಯ ಹೊಣೆ ಬಂತು. ಹಡಗುಗಳು ಬರೆದುಕೊಂಡು ಬಂದ ಹವಾಮಾನದ ಅಂಕಿಅಂಶ ಕಲೆಹಾಕುವುದು ಅದರ ಕೆಲಸ.

ಕಲೆಹಾಕುವುದರಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಮೀನುಗಾರರ ಬಂದರುಗಳಿಗೆ ವಾಯುಭಾರಮಾಪಕ ಕಳಿಸಿದರು. ಅದನ್ನು ಓದುವುದು ಹೇಗೆ, ಪಾದರಸ ಇಳಿದರೆ ಏನರ್ಥ ಎಂದು ಸರಳ ಮಾತಿನ ಸೂಚನೆ ಬರೆದುಕೊಟ್ಟರು. 1859ರ ಅಕ್ಟೋಬರ್‌ನಲ್ಲಿ ವೇಲ್ಸ್ ತೀರದ ಬಳಿ ‘ರಾಯಲ್ ಚಾರ್ಟರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕು ಒಡೆಯಿತು. ನಾನೂರಕ್ಕೂ ಹೆಚ್ಚು ಜನ ಸತ್ತರು. ಆ ಗಾಳಿ ಬರುವ ಸುದ್ದಿಯನ್ನು ತಂತಿಯ ಮೂಲಕ ಮೊದಲೇ ತಲುಪಿಸಬಹುದಿತ್ತು ಎಂಬುದು ಅವರ ವಾದ. 1861ರಲ್ಲಿ ಬಂದರುಗಳಲ್ಲಿ ಎಚ್ಚರಿಕೆಯ ಸಂಕೇತ ಏರಿಸುವುದು ಆರಂಭವಾಯಿತು. ಅದೇ ವರ್ಷ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಹವಾಮಾನ ಮುನ್ಸೂಚನೆ ಅಚ್ಚಾಯಿತು.

ಅವರಿಗೆ ಬಂದ ವಿರೋಧವನ್ನು ಗಮನಿಸಬೇಕು. ವಿಜ್ಞಾನಿಗಳಲ್ಲಿ ಕೆಲವರಿಗೆ ಇದು ಊಹಾಪೋಹ ಎನಿಸಿತು. ಮೀನುಗಾರಿಕೆಯ ದೋಣಿಗಳ ಮಾಲೀಕರಿಗೆ, ಸಂಕೇತ ಏರಿದ ದಿನ ದೋಣಿ ದಡದಲ್ಲೇ ಉಳಿದು ಆ ದಿನದ ಸಂಪಾದನೆ ಹೋಯಿತು ಎಂಬ ಸಿಟ್ಟು. ‘ಇವತ್ತು ಬೇಡ’ ಎನ್ನುವವನಿಗೆ ಆಗಲೂ ಬೆಂಬಲ ಕಡಿಮೆಯೇ ಇತ್ತು. 1865ರಲ್ಲಿ ಫಿಟ್ಜ್‌ರಾಯ್ ತೀರಿಕೊಂಡರು. ಮರುವರ್ಷ ಎಚ್ಚರಿಕೆಗಳು ನಿಂತವು. ಅವುಗಳ ಬೆಲೆ ಗೊತ್ತಿದ್ದವರಿಂದ ಒತ್ತಾಯ ಬಂದು, 1867ರಲ್ಲಿ ಬಿರುಗಾಳಿಯ ಎಚ್ಚರಿಕೆ ಮತ್ತೆ ಶುರುವಾಯಿತು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ‘ಬಂದರಿನಲ್ಲಿ ಮೂರನೇ ನಂಬರಿನ ಎಚ್ಚರಿಕೆಯ ಸಂಕೇತ’ ಎಂಬ ಸುದ್ದಿ ಕಾಣುತ್ತದಲ್ಲ, ಅದರ ಹಿರಿಯಜ್ಜ ಈ ನಾವಿಕ.

ಬೆಂಗಳೂರಿನ ರನ್‌ವೇ, ಮುಳ್ಳಯ್ಯನಗಿರಿಯ ಗಾಳಿ

ಹವಾಮಾನ ಎಂದರೆ ಮಳೆ, ಗುಡುಗು ಎಂದುಕೊಂಡು ಬಂದ ವಿದ್ಯಾರ್ಥಿಗೆ ಮೊದಲ ಪೆಟ್ಟು ಬೀಳುವುದು ಶುಭ್ರ ಆಕಾಶದ ಪಾಠದಲ್ಲಿ.

ಮೇಲೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ. ಬಿಸಿಯಾದರೂ ಗಾಳಿ ತೆಳ್ಳಗಾಗುತ್ತದೆ. ಎರಡೂ ಸೇರಿದರೆ? ಲೆಕ್ಕಕ್ಕೆ ಆಧಾರವಾಗಿ ಪ್ರಪಂಚದ ಪೈಲಟ್‌ಗಳೆಲ್ಲ ಒಪ್ಪಿಕೊಂಡ ಒಂದು ಮಾದರಿ ವಾತಾವರಣವಿದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, ಪ್ರತಿ ಸಾವಿರ ಅಡಿ ಏರಿದಾಗ ಸುಮಾರು 2 ಡಿಗ್ರಿ ಕಡಿಮೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಮಾದರಿಯ ಪ್ರಕಾರ ಅಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ 26 ಡಿಗ್ರಿ ಹೆಚ್ಚಾಯಿತು. ಹೆಚ್ಚಾದ ಒಂದೊಂದು ಡಿಗ್ರಿಗೂ ನೆಲದ ಎತ್ತರಕ್ಕೆ ಸುಮಾರು 120 ಅಡಿ ಸೇರಿಸಬೇಕು ಎಂಬುದು ಪೈಲಟ್‌ಗಳ ಕೈಲೆಕ್ಕ. 26ನ್ನು 120ರಿಂದ ಗುಣಿಸಿದರೆ 3,120. ಒಟ್ಟು ಆರು ಸಾವಿರ ಅಡಿ ದಾಟಿತು.

ಅಂದರೆ ದೇವನಹಳ್ಳಿಯ ನೆಲದ ಮೇಲೆ ನಿಂತ ವಿಮಾನಕ್ಕೆ ಆ ಹೊತ್ತು ಸಿಗುವ ಗಾಳಿ, ಮಾದರಿ ವಾತಾವರಣದಲ್ಲಿ ಮುಳ್ಳಯ್ಯನಗಿರಿಯ ನೆತ್ತಿಯ ಆಸುಪಾಸಿನಲ್ಲಿ ಸಿಗುವಷ್ಟೇ ತೆಳು. ಆ ಶಿಖರದ ಎತ್ತರ 1,930 ಮೀಟರ್, ಸುಮಾರು 6,330 ಅಡಿ. ರೆಕ್ಕೆಗೆ ಹಿಡಿತ ಕಡಿಮೆ, ಪ್ರೊಪೆಲ್ಲರಿಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಜಕ್ಕೂರಿನಂಥಲ್ಲಿ ಕಲಿಕೆಗೆ ಬಳಸುವ ಸಣ್ಣ ವಿಮಾನದ ಸಾಧಾರಣ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂದಿಟ್ಟುಕೊಂಡರೂ, ಹತ್ತಿರ ಹತ್ತಿರ ಐದನೇ ಒಂದು ಪಾಲು ಹೋಯಿತು. ಮುಂಜಾನೆ ಸಲೀಸಾಗಿ ಮೇಲೆದ್ದ ಅದೇ ವಿಮಾನ, ಅದೇ ಇಬ್ಬರನ್ನು ಹೊತ್ತು ಮಧ್ಯಾಹ್ನ ಹೊರಟಾಗ ರನ್‌ವೇ ಉದ್ದಕ್ಕೂ ಓಡಿದರೂ ಏಳಲು ಒಲ್ಲೆ ಎನ್ನುತ್ತದೆ. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ.

ಈ ಪಾಠವನ್ನು ಲಡಾಖಿನಲ್ಲಿ ಹಾರಿ ಬಂದವರು ಹೇಳುವ ರೀತಿಯೇ ಬೇರೆ. ಲೇಹ್ ವಿಮಾನ ನಿಲ್ದಾಣ ಇರುವುದು ಹತ್ತು ಸಾವಿರ ಅಡಿಗೂ ಮೇಲೆ. ಪ್ರಯಾಣಿಕ ವಿಮಾನಗಳು ಅಲ್ಲಿಗೆ ಬೆಳಗಿನ ಹೊತ್ತಿನಲ್ಲೇ ಹೋಗಿ ಬರುವುದು ರೂಢಿ. ಬಿಸಿಲೇರಿದಂತೆ ಗಾಳಿ ತೆಳುವಾಗುತ್ತದೆ, ಕಣಿವೆಯ ಗಾಳಿಯೂ ಜೋರಾಗುತ್ತದೆ. ಅಲ್ಲಿ ಮೊತ್ತಮೊದಲು ವಿಮಾನ ಇಳಿದದ್ದು 1948ರ ಮೇ 24ರಂದು. ಏರ್ ಕಮಡೋರ್ ಮೆಹರ್ ಸಿಂಗ್ ಡಕೋಟ ಒಂದನ್ನು ನದಿಯ ದಡದ ಕಚ್ಚಾ ಪಟ್ಟಿಯ ಮೇಲೆ ಇಳಿಸಿದರು. ಆ ವಿಮಾನದಲ್ಲಿ ಕೂತು ಹೋದವರು ನಮ್ಮ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅಂದಿನಿಂದ ಇಂದಿನವರೆಗೆ ವಾಯುಪಡೆಯ ಸಾರಿಗೆ ಪೈಲಟ್‌ಗಳು ತೆಳುಗಾಳಿಯ ಲೆಕ್ಕದಲ್ಲೇ ಬದುಕಿದವರು. ಎಷ್ಟು ಕಿಲೋ ಹೇರಬೇಕು, ಎಷ್ಟು ಗಂಟೆಯೊಳಗೆ ಹೊರಡಬೇಕು ಎಂಬುದು ಅವರಿಗೆ ಪ್ರಾಣದ ಪ್ರಶ್ನೆ. ಅಂಥವರು ಬೋರ್ಡಿನ ಮೇಲೆ ‘120’ ಎಂದು ಬರೆದಾಗ ಅದು ಬರೀ ಸೂತ್ರವಾಗಿ ಉಳಿಯುವುದಿಲ್ಲ.

ಒಂದು ಸಾಲಿನಲ್ಲಿ ಆಕಾಶ

ಮೆಟ್ ಪಾಠದಲ್ಲಿ ಹುಡುಗರು ಹೆಚ್ಚು ಬೈದುಕೊಂಡು ಕಲಿಯುವುದು ‘ಮೆಟಾರ್’. ವಿಮಾನ ನಿಲ್ದಾಣದಲ್ಲಿ ಈಗ ಹವೆ ಹೇಗಿದೆ ಎಂದು ಸಂಕೇತಗಳಲ್ಲಿ ಹೇಳುವ ಒಂದು ಸಾಲು ಅದು. ದೊಡ್ಡ ನಿಲ್ದಾಣಗಳಲ್ಲಿ ಅರ್ಧ ಗಂಟೆಗೊಮ್ಮೆ ಬರುತ್ತದೆ. ಉದಾಹರಣೆಗೆ ಹೀಗಿರಬಹುದು: ವಿಒಬಿಎಲ್ 121230ಝಡ್ 27018ಜಿ30ಕೆಟಿ 3000 ಟಿಎಸ್‌ಆರ್‌ಎ.

ಬಿಡಿಸೋಣ. ವಿಒಬಿಎಲ್ ಎಂದರೆ ಬೆಂಗಳೂರು. 12ನೇ ತಾರೀಕು, ಅಂತರರಾಷ್ಟ್ರೀಯ ಸಮಯ 12:30; ನಮ್ಮ ಗಡಿಯಾರದಲ್ಲಿ ಸಂಜೆ 6. ಗಾಳಿ 270 ಡಿಗ್ರಿಯಿಂದ, ಅಂದರೆ ನೇರ ಪಡುವಣದಿಂದ, 18 ನಾಟ್ ವೇಗದಲ್ಲಿ ಬೀಸುತ್ತಿದೆ; ನಡುನಡುವೆ 30 ನಾಟ್‌ಗೆ ಏರುತ್ತಿದೆ, ಗಂಟೆಗೆ ಸುಮಾರು 55 ಕಿಲೋಮೀಟರ್. ಕಣ್ಣಿಗೆ ಕಾಣುವುದು 3,000 ಮೀಟರ್‌ವರೆಗೆ. ಕೊನೆಯದು ಗುಡುಗು ಸಹಿತ ಮಳೆ. ಇದರಲ್ಲಿ ಕೆಲವು ಸಂಕೇತಗಳು ಫ್ರೆಂಚ್ ಭಾಷೆಯಿಂದ ಬಂದವು. ತೆಳುಮಂಜಿಗೆ ‘ಬಿಆರ್’, ಹೊಗೆಗೆ ‘ಎಫ್‌ಯು’, ಆಲಿಕಲ್ಲಿಗೆ ‘ಜಿಆರ್’ ಎಂದು ಏಕೆ ಬರೆಯುತ್ತಾರೆ ಎಂದು ತಲೆಕೆಡಿಸಿಕೊಳ್ಳುವ ಹುಡುಗರಿಗೆ ಅದೇ ಉತ್ತರ.

ಕನ್ನಡದ ಹುಡುಗರಿಗೆ ಒಂದು ಅನುಕೂಲವಿದೆ. ಮೂಡಗಾಳಿ, ಪಡುವಣ ಗಾಳಿ ಎಂದು ಗಾಳಿಯನ್ನು ಅದು *ಬರುವ* ದಿಕ್ಕಿನಿಂದಲೇ ಹೆಸರಿಸುವುದು ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಇದೆ. ಮೆಟಾರ್‌ನ ಕ್ರಮವೂ ಅದೇ. ಬೆಂಗಳೂರಿನ ರನ್‌ವೇಗಳು ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿವೆ. ಅವುಗಳ ಸಂಖ್ಯೆ 09 ಮತ್ತು 27, ಅಂದರೆ 90 ಮತ್ತು 270 ಡಿಗ್ರಿ. ಮುಂಗಾರಿನಲ್ಲಿ ಪಡುವಣ ಗಾಳಿ ಹೆಚ್ಚು, ಹಿಂಗಾರು ಮತ್ತು ಚಳಿಗಾಲದಲ್ಲಿ ಮೂಡಗಾಳಿ ಹೆಚ್ಚು. ವಿಮಾನಕ್ಕೆ ಏರಲೂ ಇಳಿಯಲೂ ಎದುರುಗಾಳಿ ಬೇಕು. ಹಾಗಾಗಿ ಜೂನ್ ಜುಲೈಯಲ್ಲಿ ವಿಮಾನಗಳು ಸಾಮಾನ್ಯವಾಗಿ ಪಶ್ಚಿಮಕ್ಕೆ ಮುಖಮಾಡಿ ಏರುತ್ತವೆ, ಡಿಸೆಂಬರ್‌ನಲ್ಲಿ ಪೂರ್ವಕ್ಕೆ. ರಾಗಿ ತೂರುವವರು ಗಾಳಿ ನೋಡಿ ನಿಲ್ಲುತ್ತಿದ್ದ ಹಾಗೆಯೇ ಇದು.

ಮೋಡದ ಕೆಳಗೆ ಬಿಟ್ಟಿ ಎತ್ತರ

ಮತ್ತೆ ಕಿಟಕಿಯಾಚೆಯ ಆ ಹೂಕೋಸಿಗೆ ಬರೋಣ. ಅದು ಬೆಳೆದು ಗುಡುಗುಮೋಡವಾದರೆ ಪೈಲಟ್‌ಗಳ ಬಾಯಲ್ಲಿ ‘ಸಿಬಿ’. ನಮ್ಮ ಸೀಮೆಯಲ್ಲಿ ಅದು 50,000 ಅಡಿ ಮುಟ್ಟುವುದೂ ಉಂಟು. ಪ್ರಯಾಣಿಕ ವಿಮಾನ ಹಾರುವುದು 35,000ದಿಂದ 40,000 ಅಡಿಯಲ್ಲಿ. ಮೇಲಿಂದ ದಾಟಲು ಆಗುವುದಿಲ್ಲ, ಸುತ್ತಿ ಹೋಗಬೇಕು.

ಅದಕ್ಕಿಂತ ಕಪಟಿಯಾದದ್ದು ಅದರ ಕೆಳಗಿದೆ. ಮಳೆ ಬೀಳುವಾಗ ತಣ್ಣಗಾದ ಗಾಳಿ ಭಾರವಾಗಿ, ಕಂಬದ ಹಾಗೆ ನೇರ ನೆಲಕ್ಕೆ ಅಪ್ಪಳಿಸುತ್ತದೆ; ತುಂಬಿದ ಬಿಂದಿಗೆ ಅಂಗಳದಲ್ಲಿ ಮಗುಚಿದರೆ ನೀರು ಹೇಗೆ ಸುತ್ತಲೂ ಚೆಲ್ಲುತ್ತದೋ ಹಾಗೆ ಎಲ್ಲ ದಿಕ್ಕಿಗೂ ಹರಡುತ್ತದೆ. ಇದೇ ಮೈಕ್ರೋಬರ್ಸ್ಟ್. ನಾಲ್ಕು ಕಿಲೋಮೀಟರ್‌ಗಿಂತ ಚಿಕ್ಕ ಜಾಗ, ಕೆಲವೇ ನಿಮಿಷದ ಆಯುಸ್ಸು.

ಇಳಿಯುತ್ತಿರುವ ವಿಮಾನ ಅದರೊಳಗೆ ಹೊಕ್ಕರೆ ಮೊದಲು ಸಿಗುವುದು ಬಲವಾದ ಎದುರುಗಾಳಿ. ವಿಮಾನ ತಾನಾಗಿ ಮೇಲೇಳುತ್ತದೆ. ಬೇಕಾದ್ದಕ್ಕಿಂತ ಎತ್ತರವಾಯಿತು ಎಂದು ಪೈಲಟ್ ಎಂಜಿನ್ನಿನ ಶಕ್ತಿ ತಗ್ಗಿಸುತ್ತಾನೆ. ಮರುಗಳಿಗೆ ಮೇಲಿಂದ ಗಾಳಿ ಒತ್ತುತ್ತದೆ. ಅದನ್ನು ದಾಟುವಷ್ಟರಲ್ಲಿ ಬೆನ್ನುಗಾಳಿ. ರೆಕ್ಕೆಗೆ ಸಿಗುತ್ತಿದ್ದ ಗಾಳಿಯ ವೇಗವೇ ಕುಸಿಯುತ್ತದೆ. ಶಕ್ತಿ ತಗ್ಗಿಸಿಯಾಗಿದೆ, ನೆಲ ಹತ್ತಿರದಲ್ಲಿದೆ. ಮೊದಲು ಬಂದ ಉಡುಗೊರೆಯೇ ಬಲೆ.

ಇದನ್ನು ಪತ್ತೆಹಚ್ಚಿದವರು ಜಪಾನಿನಲ್ಲಿ ಹುಟ್ಟಿ ಶಿಕಾಗೊದಲ್ಲಿ ಪ್ರಾಧ್ಯಾಪಕರಾಗಿದ್ದ ಟೆಟ್ಸುಯ ಫುಜಿತ. 1945ರಲ್ಲಿ ಅಣುಬಾಂಬ್ ಬಿದ್ದ ಮೇಲೆ ನಾಗಸಾಕಿ, ಹಿರೋಶಿಮಾಗಳಿಗೆ ಹೋಗಿ, ಮರಗಳು ಒಂದು ಬಿಂದುವಿನಿಂದ ಹೊರಮುಖವಾಗಿ ನಕ್ಷತ್ರದಂತೆ ಉರುಳಿದ್ದನ್ನು ಕಂಡವರು ಅವರು. 1974ರಲ್ಲಿ ಅಮೆರಿಕದ ಸುಂಟರಗಾಳಿಗಳ ಹಾನಿಯನ್ನು ವಿಮಾನದಿಂದ ನೋಡುವಾಗ ಕೆಲವೆಡೆ ಅದೇ ಚಿತ್ರ ಮತ್ತೆ ಕಂಡಿತು. ಸುತ್ತುವ ಗಾಳಿಗೆ ಮರಗಳು ಹಾಗೆ ಬೀಳುವುದಿಲ್ಲ. ಮೇಲಿಂದ ಬಿದ್ದು ಹರಡಿದ ಗಾಳಿಗೆ ಮಾತ್ರ ಹಾಗೆ ಬೀಳುತ್ತವೆ. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ 66 ವಿಮಾನ ಗುಡುಗುಮಳೆಯಲ್ಲಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಾಗ, ಫುಜಿತ ಕಾರಣ ಇದೇ ಎಂದರು. ಹಲವು ವಿಜ್ಞಾನಿಗಳು ನಂಬಲಿಲ್ಲ. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ 191 ಹಾಗೆಯೇ ಬಿತ್ತು. ಮತ್ತೆ ನೂರಕ್ಕೂ ಹೆಚ್ಚು ಜೀವ. ಆಮೇಲೆ ಪೈಲಟ್‌ಗಳ ತರಬೇತಿ, ವಿಮಾನದೊಳಗಿನ ಎಚ್ಚರಿಕೆಯ ಸಾಧನ, ನಿಲ್ದಾಣದ ರೇಡಾರ್ ಎಲ್ಲವೂ ಬದಲಾದವು.

ಇಂದು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಹುಡುಗಿಯೊಬ್ಬಳು ‘ಎದುರುಗಾಳಿ, ಇಳಿಗಾಳಿ, ಬೆನ್ನುಗಾಳಿ’ ಎಂದು ಬರೆದುಕೊಳ್ಳುವಾಗ ಅದರ ಹಿಂದೆ ಇಷ್ಟು ಸಾವು, ಇಷ್ಟು ಹಟ ಇದೆ.

178 ಸೆಕೆಂಡು

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಉಪಕರಣ ನೋಡಿ ಹಾರಲು ಕಲಿಯದ 20 ಜನರಿಗೆ ಮೋಡದೊಳಗೆ ಸಿಕ್ಕಿದಂಥ ಸ್ಥಿತಿ ಒಡ್ಡಿದರು. ಇಪ್ಪತ್ತೂ ಜನ ವಿಮಾನದ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು. ಮೂರು ನಿಮಿಷವೂ ಇಲ್ಲ.

ಕಾರಣ ಕಿವಿಯಲ್ಲಿದೆ. ಹೊರಗೆ ದಿಗಂತ ಕಾಣದಿದ್ದಾಗ, ಒಳಕಿವಿಯಲ್ಲಿ ಸಮತೋಲ ಕಾಯುವ ದ್ರವ ಸುಳ್ಳು ಹೇಳತೊಡಗುತ್ತದೆ. ವಿಮಾನ ನಿಧಾನ ವಾಲಿದ್ದರೂ ನೇರ ಇದ್ದೇನೆ ಅನಿಸುತ್ತದೆ. ನೇರ ಮಾಡಿದರೆ ವಾಲಿದ್ದೇನೆ ಅನಿಸುತ್ತದೆ. ಈ ಭ್ರಮೆಯನ್ನು ಪೈಲಟ್‌ಗಳಿಗೆ ನೆಲದ ಮೇಲೇ ಅನುಭವಿಸಿ ತೋರಿಸುವ ವ್ಯವಸ್ಥೆ ಬೆಂಗಳೂರಿನ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿದೆ. ತನ್ನ ಮೈಯನ್ನು ನಂಬದೆ ಉಪಕರಣವನ್ನು ನಂಬುವುದು ಕಲಿತು ಬರುವ ಗುಣ, ಹುಟ್ಟಿನಿಂದ ಬರುವುದಲ್ಲ.

ಅದನ್ನು ಸಾಧಿಸಿ ತೋರಿಸಲು ಹೊರಟ ಒಬ್ಬ ಮೇಷ್ಟ್ರ ಕತೆ ಗ್ರೌಂಡ್ ಕ್ಲಾಸುಗಳಿಗೆ ಹೇಳಿ ಮಾಡಿಸಿದಂತಿದೆ. ಜೋಸೆಫ್ ಡಕ್‌ವರ್ತ್ ಅಮೆರಿಕದ ಸೇನೆಯಲ್ಲಿ ಹಾರಲು ಕಲಿತು, ಆಮೇಲೆ ವಿಮಾನ ಕಂಪನಿಯ ಪೈಲಟ್ ಆಗಿದ್ದವರು. ಯುದ್ಧಕಾಲದಲ್ಲಿ ಮತ್ತೆ ಸೇನೆಗೆ ಬಂದು ಟೆಕ್ಸಾಸ್‌ನಲ್ಲಿ ಉಪಕರಣ ನೋಡಿ ಹಾರುವ ವಿದ್ಯೆ ಕಲಿಸುತ್ತಿದ್ದರು. 1943ರ ಜುಲೈ 27ರಂದು ಒಂದೇ ಎಂಜಿನ್ನಿನ ತರಬೇತಿ ವಿಮಾನದಲ್ಲಿ ಚಂಡಮಾರುತದ ಕಣ್ಣಿನವರೆಗೆ ಹೋಗಿ ಬಂದರು. ಹಿಂದಿರುಗಿದ ಮೇಲೆ ನೆಲೆಯ ಹವಾಮಾನ ಅಧಿಕಾರಿ ತಾನೂ ನೋಡಬೇಕು ಎಂದಾಗ ಅವರನ್ನೂ ಕೂರಿಸಿಕೊಂಡು ಮತ್ತೆ ಹೋದರು. ಚಂಡಮಾರುತದೊಳಗೆ ಬೇಕೆಂದೇ ಹಾರಿ ಅಳತೆ ತರುವ ಕ್ರಮ ಮುಂದೆ ಬೆಳೆಯಲು ಇದು ನಾಂದಿಯಾಯಿತು.

ಹುಡುಗರು ಈ ಕತೆಯನ್ನು ಸಾಹಸವೆಂದು ಕೇಳುತ್ತಾರೆ. ಒಳ್ಳೆಯ ಮೇಷ್ಟ್ರು ಅಲ್ಲಿಗೆ ಬಿಡುವುದಿಲ್ಲ. ಡಕ್‌ವರ್ತ್ ಹೋದದ್ದು ಆ ವಿದ್ಯೆಯನ್ನು ವರ್ಷಗಟ್ಟಲೆ ಅರೆದು ಕುಡಿದ ಮೇಲೆ. ನಿನಗೆ ಮೂವತ್ತು ಗಂಟೆಯ ಹಾರಾಟವಿದ್ದು ಮುಂದೆ ಮೋಡ ಕಂಡರೆ ನಿನ್ನ ಪಾಠ ಒಂದೇ, ತಿರುಗಿ ಬಾ. ಇಲ್ಲೇ ನಿವೃತ್ತ ಸೈನಿಕನ ಮಾತಿಗೆ ವಿಶೇಷ ತೂಕ. ಹದಿಹರೆಯದ ಹುಡುಗನಿಗೆ ಹಿಂದಿರುಗುವುದು ಅವಮಾನ ಅನಿಸುತ್ತದೆ. ಗೆಳೆಯರು ನಗುತ್ತಾರೆ, ಹಾರಾಟದ ದುಬಾರಿ ಹಣ ಹೋಯಿತು ಎಂದು ಮನೆಯವರು ನೊಂದುಕೊಳ್ಳುತ್ತಾರೆ ಎಂಬ ಅಳುಕು. ಹಿಮಾಲಯದಲ್ಲಿ ಹಾರಿ ಬಂದವರು, ಯಾರಿಗೂ ಧೈರ್ಯದ ಪುರಾವೆ ಕೊಡಬೇಕಿಲ್ಲದವರು, ‘ನಾನು ಎಷ್ಟೋ ಸಲ ವಾಪಸ್ ಬಂದಿದ್ದೇನೆ’ ಎಂದು ನಿರಾಳವಾಗಿ ಹೇಳಿದಾಗ ಆ ಅಳುಕು ಕರಗುತ್ತದೆ. ಪುಸ್ತಕ ಓದಿ ಪುಸ್ತಕ ಹೇಳುವವರಿಂದ ಈ ಒಂದು ಕೆಲಸ ಆಗುವುದಿಲ್ಲ.

ಸೇನೆಯಿಂದ ಬಂದವರೆಲ್ಲ ಒಳ್ಳೆಯ ಮೇಷ್ಟ್ರೇ ಎಂದು ನಾನು ಹೇಳುತ್ತಿಲ್ಲ. ಆಜ್ಞೆ ಮಾಡಿ ಅಭ್ಯಾಸವಾದವರು ಪ್ರಶ್ನೆಗೆ ಸಿಡುಕುವುದುಂಟು. ಹವಾಮಾನದ ಪಾಠದಲ್ಲಿ ಪ್ರಶ್ನೆ ಕೇಳದ ವಿದ್ಯಾರ್ಥಿ ಅಪಾಯಕಾರಿ. ಮುಂದೆ ಕಾಕ್‌ಪಿಟ್‌ನಲ್ಲಿ ಹಿರಿಯರ ಪಕ್ಕ ಕೂತಾಗ ‘ಸರ್, ಗಾಳಿ ತಿರುಗಿದೆ’ ಎನ್ನಬೇಕಾದವರು ಅವರೇ.

ಪಾಠ ಯಾರಿಗೆ ತಲುಪುತ್ತಿದೆ?

2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೊ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಅವುಗಳನ್ನು ಹಾರಿಸುವವರು ಬೇಕು, ಅವರಿಗೆ ಕಲಿಸುವವರು ಬೇಕು. ಆದರೆ ಪೈಲಟ್ ತರಬೇತಿಗೆ ಹತ್ತಾರು ಲಕ್ಷ ರೂಪಾಯಿ ಖರ್ಚು. ಹೊಲ ಮಾರಿ, ಮನೆ ಒತ್ತೆಯಿಟ್ಟು ಓದಿಸುವವರಿದ್ದಾರೆ. ಅದೂ ಆಗದವರೇ ಹೆಚ್ಚು. ಹಾಗಾಗಿ ನಮ್ಮ ನಡುವೆ ಇರುವ ಈ ಅಪರೂಪದ ಮೇಷ್ಟ್ರುಗಳ ವಿದ್ಯೆ ಹಣವಿದ್ದವರ ಮಕ್ಕಳಿಗಷ್ಟೇ ಸಿಗುತ್ತಿದೆ.

ಹವಾಮಾನ ಪೈಲಟ್‌ಗಳ ಸ್ವತ್ತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೀರಿ ಸುರಿಯುವ ಮಳೆ ಘಟ್ಟ ದಾಟಿದ ಮೇಲೆ ಚಳ್ಳಕೆರೆಯಲ್ಲಿ ಏಕೆ ಇಲ್ಲ ಎಂಬುದು ಎರಡೂ ಊರಿನ ಮಕ್ಕಳಿಗೆ ಗೊತ್ತಿರಬೇಕಾದ ವಿಷಯ. ಸಿಡಿಲು ಬಡಿದು ಹೊಲದಲ್ಲಿ ಜನ ಸಾಯುವ ನಾಡು ನಮ್ಮದು. ಹೂಮಳೆಗೆ ಕಾಯುವ ಕಾಫಿ ಬೆಳೆಗಾರ, ಮಲ್ಪೆಯ ಮೀನುಗಾರ, ದ್ರಾಕ್ಷಿ ಬೆಳೆಯುವ ವಿಜಯಪುರದ ರೈತ, ಎಲ್ಲರೂ ಆಕಾಶ ಓದುತ್ತಲೇ ಬದುಕುವವರು. ನೆಲದ ತಾಪಮಾನದಿಂದ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ತೇವ ಹನಿಗಟ್ಟುವ ತಾಪಮಾನವನ್ನು, ಕಳೆದು, ಉಳಿದ ಡಿಗ್ರಿಯನ್ನು 400ರಿಂದ ಗುಣಿಸಿದರೆ ಮಧ್ಯಾಹ್ನದ ಮೋಡದ ಬುಡ ಸುಮಾರು ಎಷ್ಟು ಅಡಿ ಮೇಲಿದೆ ಎಂದು ಗೊತ್ತಾಗುತ್ತದೆ. ತಾಪಮಾನ 30, ಇಬ್ಬನಿ ಬಿಂದು 20 ಇದ್ದರೆ 4,000 ಅಡಿ. ಎಂಟನೇ ತರಗತಿಯ ಗಣಿತ ಸಾಕು. ಇದನ್ನು ಕಿಟಕಿಯ ಬಳಿ ನಿಂತು ತೋರಿಸಬಲ್ಲವರು ಯಲಹಂಕದಲ್ಲಿ, ಜಾಲಹಳ್ಳಿಯಲ್ಲಿ, ಬೆಳಗಾವಿಯಲ್ಲಿ, ಮಡಿಕೇರಿಯಲ್ಲಿ ನಿವೃತ್ತರಾಗಿ ಕೂತಿದ್ದಾರೆ.

ಎನ್‌ಸಿಸಿಯ ವಾಯುದಳದಲ್ಲಿ ಹವಾಮಾನದ ಪಾಠವಿದೆ; ಜಕ್ಕೂರಿನಲ್ಲಿ ಅದರ ಕೆಡೆಟ್‌ಗಳು ಪುಟ್ಟ ಮೈಕ್ರೋಲೈಟ್ ವಿಮಾನದಲ್ಲಿ ಹಾರುತ್ತಾರೆ. ದುಡ್ಡಿಲ್ಲದ ಮನೆಯ ಮಗುವಿಗೂ ತೆರೆದಿರುವ ಬಾಗಿಲು ಅದು, ಆದರೆ ಕಿರಿದು. ಸರ್ಕಾರಿ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ, ಪದವಿ ಕಾಲೇಜುಗಳ ಭೌತವಿಜ್ಞಾನ ಮತ್ತು ಭೂಗೋಳ ವಿಭಾಗದವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ, ವಾಯುಪಡೆಯ ಹವಾಮಾನ ವಿಭಾಗದಲ್ಲಿ ದುಡಿದು ಬಂದವರು ನಿಮ್ಮ ಊರಿನ ಸುತ್ತಮುತ್ತ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ. ಇದ್ದರೆ ಮುಂಗಾರು ಶುರುವಾಗುವ ಮುಂಚೆ, ಏಪ್ರಿಲ್ ಇಲ್ಲವೇ ಮೇ ತಿಂಗಳ ಒಂದು ಮಧ್ಯಾಹ್ನ, ಅವರನ್ನು ಕರೆದು ಮಕ್ಕಳ ಜತೆ ಬಯಲಿನಲ್ಲಿ ನಿಲ್ಲಿಸಿ. ಆ ಹೊತ್ತಿಗೆ ಮೋಡ ತಾನಾಗಿ ಎದ್ದಿರುತ್ತದೆ.